ಗಂಗಾಬಾಯಿ ಯಾರು?

ಹೋದ ತಿಂಗಳು ನಮ್ಮ ಮನೆಗೆ ಬಂದಾಗ ಪಡಸಾಲೆಯ ಫೋಟೊಗಳನ್ನು ನೋಡುತ್ತಾ ನೀನೊಂದು ಮಾತು ಕೇಳಿದೆ. "ಬೆಳಗಾವಿಯವರು ಕನ್ನಡ ಕನ್ನಡ ಅಂತ ಅಷ್ಟು ಹೊಡೆದಾಡ್ತೀರಿ. ಮನೆಯವರೆಲ್ಲ ನೋಡಿದ್ರೆ ಮರಾಠಾ ರೆಜಿಮೆಂಟಲ್ಲಿ. ಬೇರೆ ಕೆಲಸ ಸಿಗಲಿಲ್ವಾ?" ನಗುತ್ತಲೇ ಕೇಳಿದೆ, ಗೊತ್ತು. ಅಷ್ಟರಲ್ಲಿ ಅವ್ವ ಊಟಕ್ಕೆ ಕರೆದಳು, ಶೇಂಗಾ ಹೋಳಿಗೆ ಬಂತು, ನನ್ನ ಉತ್ತರ ಹೊಟ್ಟೆಯಲ್ಲೇ ಉಳಿಯಿತು. ಈಗ ಬರೆಯುತ್ತಿದ್ದೇನೆ. ಉದ್ದ ಆದರೆ ಬೈಕೋಬೇಡ, ಕೆದಕಿದ್ದು ನೀನೇ.

ಎರಡನೇ ಪ್ರಶ್ನೆ ಸುಲಭ, ಅದನ್ನು ಮೊದಲು ಮುಗಿಸುತ್ತೇನೆ. ಬೇರೆ ಕೆಲಸ ಇತ್ತು. ಹೊಲ ಇತ್ತು, ಎತ್ತು ಇದ್ದವು. ಮಳೆ ಮಾತ್ರ ತನಗೆ ಮನಸ್ಸಾದಾಗ ಬರುತ್ತಿತ್ತು. ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರ ಇರುವುದು ಬೆಳಗಾವಿಯ ಕ್ಯಾಂಪಿನಲ್ಲಿ, ನಮ್ಮ ಕಿತ್ತೂರಿನಿಂದ ಸುಮಾರು 50 ಕಿಲೋಮೀಟರ್. 1768ರಲ್ಲಿ ಹುಟ್ಟಿದ ಪಲ್ಟನ್ ಅದು. ನಿಮ್ಮ ಕಡೆ ಹುಡುಗರು ಡಿಗ್ರಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ, ನಮ್ಮವರು ಕ್ಯಾಂಪಿನ ಬಸ್ಸು ಹತ್ತುತ್ತಾರೆ. ಅದರಲ್ಲಿ ದೊಡ್ಡ ದೇಶಭಕ್ತಿಯ ಭಾಷಣ ಏನೂ ಇಲ್ಲ. ನಮ್ಮ ಓಣಿಯಲ್ಲಿ ಸಿಪಾಯಿಯ ಕರಿ ಟ್ರಂಕು ಇಲ್ಲದ ಮನೆ ಸಿಗುವುದು ಕಷ್ಟ. ಬೆಳಿಗ್ಗೆ ಐದಕ್ಕೆ ಎದ್ದು ರಸ್ತೆಗೆ ಬಂದರೆ ಹುಡುಗರು ಬರಿಗಾಲಲ್ಲಿ ಓಡುತ್ತಿರುತ್ತಾರೆ. ಭರ್ತಿಯಲ್ಲಿ 1.6 ಕಿಲೋಮೀಟರನ್ನು ಐದೂವರೆ ನಿಮಿಷದಲ್ಲಿ ಮುಗಿಸಿದರೆ ಓಟಕ್ಕೆ ಪೂರ್ತಿ ಅಂಕ. ಒಬ್ಬ ಮೊಬೈಲ್ ಹಿಡಿದು ಟೈಮ್ ನೋಡುತ್ತಿರುತ್ತಾನೆ. ನಾನೂ ಒಂದು ಕಾಲಕ್ಕೆ ಓಡಿದ್ದೆ. ಮೊಣಕಾಲು ಒಂದಕ್ಕೊಂದು ತಾಗುತ್ತವೆ ಅಂತ ಮೆಡಿಕಲ್‌ನಲ್ಲಿ ತೆಗೆದುಹಾಕಿದರು. ಅಂದಿನಿಂದ ನಾನು ಈ ಮನೆಯ ಕಾಗದಪತ್ರದ ಗುಮಾಸ್ತ.

ಇನ್ನು ಫೋಟೊಗಳು. ಮೊದಲನೆಯವನು ಅಜ್ಜ. ಎರಡನೇ ಮಹಾಯುದ್ಧದಲ್ಲಿ ಇಟಲಿಗೆ ಹೋಗಿ ಬಂದವನು. ಊರಲ್ಲಿ ಅವನಿಗೆ ಇಟ್ಲಿ ಅಜ್ಜ ಅಂತಲೇ ಹೆಸರು. (ನೀನು ಅದನ್ನು ಇಡ್ಲಿ ಅಂತ ಕೇಳಿಸಿಕೊಂಡು ನಕ್ಕಿದ್ದೆ.) 1945ರ ಏಪ್ರಿಲ್ 9ರಂದು ಸೆನಿಯೊ ಹೊಳೆ ದಾಟುವಾಗ ನಾಮದೇವ ಜಾಧವ ಎಂಬ ಸಿಪಾಯಿ ಗಾಯಗೊಂಡವರನ್ನು ಹೊತ್ತು ತಂದು, ಮಷೀನ್‌ಗನ್ನುಗಳ ಬಾಯಿ ಮುಚ್ಚಿಸಿ ವಿಕ್ಟೋರಿಯಾ ಕ್ರಾಸ್ ಪಡೆದ. ಅಜ್ಜ ಅದೇ ಪಲ್ಟನ್‌ನಲ್ಲಿದ್ದ. ಆದರೆ ಇಟಲಿ ಹೇಗಿತ್ತು ಅಂತ ಕೇಳಿದರೆ ಅವನು ಹೇಳುತ್ತಿದ್ದದ್ದು ಒಂದೇ ಮಾತು. "ರಾಡಿ. ಬರೇ ರಾಡಿ." ಎರಡನೆಯವನು ಅಪ್ಪ, 1971ರ ಡಿಸೆಂಬರಿನ ಯುದ್ಧದಲ್ಲಿ ಜಂಗಿ ಪಲ್ಟನ್ (ರೆಜಿಮೆಂಟಿನ ಮೊದಲ ಬೆಟಾಲಿಯನ್) ಜೊತೆ ಈಗಿನ ಬಾಂಗ್ಲಾದೇಶದ ಜಮಾಲಪುರದಲ್ಲಿದ್ದ. ಅಲ್ಲಿಯ ಒಂದು ರಾತ್ರಿಯ ಬಗ್ಗೆ ಅವನು ಮಾತಾಡಲಿಲ್ಲ, ನಾವೂ ಒತ್ತಾಯ ಮಾಡಲಿಲ್ಲ. ಮೂರನೆಯವನು ತಮ್ಮ. ನಾಲ್ಕನೆಯವನು ತಮ್ಮನ ಮಗ, ಅಗ್ನಿವೀರ. ಅವನ ವಿಷಯ ಆಮೇಲೆ.

ಈಗ ನಿನ್ನ ಮೊದಲ ಪ್ರಶ್ನೆ, ಮರಾಠಾ ಹೇಗೆ ಅಂತ. ಪಲ್ಟನ್ ಹೆಸರು ಮರಾಠಾ ಆದರೆ ಒಳಗಿರುವವರೆಲ್ಲ ಮರಾಠಿ ಮಾತಾಡುವವರಲ್ಲ. ಬೆಳಗಾವಿ, ಧಾರವಾಡದ ಕಡೆಯ ಕನ್ನಡದ ಹುಡುಗರು ಮೊದಲಿನಿಂದಲೂ ಇದ್ದಾರೆ. ಗಣಪತಿ ಹಬ್ಬದ ಆರತಿ ಮರಾಠಿಯಲ್ಲಿ, ಹುಕುಂ ಹಿಂದಿಯಲ್ಲಿ, ಬೈಗುಳ ಕನ್ನಡದಲ್ಲಿ. ಗುಂಡಿನ ಮುಂದೆ ನುಗ್ಗುವಾಗ ಕೂಗುವುದು "ಬೋಲ್ ಶ್ರೀ ಛತ್ರಪತಿ ಶಿವಾಜಿ ಮಹಾರಾಜ್ ಕೀ ಜೈ". ಅಪ್ಪ ನಿದ್ದೆಯಲ್ಲೂ ಅದನ್ನೇ ಕನವರಿಸುತ್ತಿದ್ದ. ಎಚ್ಚರ ಆದ ಮೇಲೆ ಶಿವಶಿವಾ ಅನ್ನುತ್ತಿದ್ದ.

ಇನ್ನೂ ಒಂದು ತಮಾಷೆ ಕೇಳು. ನಮ್ಮ ಪಕ್ಕದಲ್ಲೇ ಬೆಳವಡಿ. ಅಲ್ಲಿಯ ಮಲ್ಲಮ್ಮ 17ನೇ ಶತಮಾನದಲ್ಲಿ ಇದೇ ಶಿವಾಜಿಯ ಸೈನ್ಯದ ಎದುರು ಕತ್ತಿ ಹಿಡಿದವಳು. ಅವಳ ಹೆಸರಿನಲ್ಲಿ ಉತ್ಸವ ಆಗುತ್ತದೆ, ರಜೆಯಲ್ಲಿ ಬಂದ ಮರಾಠಾ ಪಲ್ಟನ್‌ನ ಹುಡುಗರೇ ಪೆಂಡಾಲ್ ಕಟ್ಟುತ್ತಾರೆ. ಕಿತ್ತೂರು ಚೆನ್ನಮ್ಮ 1824ರಲ್ಲಿ ಇಂಗ್ಲಿಷರನ್ನು ಹೊಡೆದಳು. ನೂರಿಪ್ಪತ್ತು ವರ್ಷದ ಮೇಲೆ ಅದೇ ಮಣ್ಣಿನ ನನ್ನ ಅಜ್ಜ ಇಂಗ್ಲಿಷರ ಸಂಬಳ ತಗೊಂಡು ಇಟಲಿಯಲ್ಲಿ ರಾಡಿ ತುಳಿದ. ನಿನಗೆ ಇದು ವಿಚಿತ್ರ ಅನ್ನಿಸಬಹುದು. ನಮಗೆ ಚೆನ್ನಮ್ಮನೂ ಬೇಕು, ಅಜ್ಜನ ಮೆಡಲೂ ಬೇಕು.

ಎಂಇಎಸ್ ಅಂದರೆ ನಿನಗೆ ಮಹಾರಾಷ್ಟ್ರ ಏಕೀಕರಣ ಸಮಿತಿ, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುವವರು. ಪೇಪರಿನಲ್ಲಿ ಓದಿರುತ್ತೀಯ. ನಾನು ಚಿಕ್ಕವನಿದ್ದಾಗ ಎಂಇಎಸ್ ಅಂದರೆ ಮಿಲಿಟರಿ ಎಂಜಿನಿಯರ್ ಸರ್ವಿಸಸ್, ಕ್ವಾರ್ಟರ್ಸಿನ ನಲ್ಲಿ ರಿಪೇರಿ ಮಾಡುವವರು. ಒಮ್ಮೆ ಸ್ಕೂಲಿನಲ್ಲಿ ಮಾಸ್ತರು ಎಂಇಎಸ್‌ನವರನ್ನು ಬೈಯುತ್ತಿದ್ದಾಗ ನಾನು ಎದ್ದು ನಿಂತು "ಹೌದ್ರೀ ಸರ್, ನಮ್ಮ ಮನಿ ನಲ್ಲಿ ಇನ್ನೂ ಸೋರ್ತೈತ್ರಿ" ಅಂದಿದ್ದೆ.

1986ರ ಜೂನಿನಲ್ಲಿ ಕನ್ನಡ-ಮರಾಠಿ ಭಾಷೆಯ ಗಲಾಟೆ ಜೋರಾಗಿತ್ತು. ಅಪ್ಪ ಆಗಲೇ ರಜೆಯ ಮೇಲೆ ಬಂದ. ಜೊತೆಗಾರ ಗಡಿಯಾಚೆ ಮಹಾರಾಷ್ಟ್ರದ ಕಾಗಲ್‌ನವನು, ಇಬ್ಬರೂ ಕೊಲ್ಲಾಪುರದಲ್ಲಿ ಇಳಿದು ಬಸ್ಸಿನಲ್ಲಿ ಕಾಗಲ್ ಮುಟ್ಟಿದರು. ಮುಂದೆ ಬಸ್ಸು ಹೋಗಲ್ಲ ಅಂದರು. ಜೊತೆಗಾರನ ಅಣ್ಣ ಟ್ರಂಕನ್ನು ಸೈಕಲ್ಲಿಗೆ ಕಟ್ಟಿಕೊಂಡು ದೂಧಗಂಗಾ ಸೇತುವೆ ತನಕ ಬಂದು ಬಿಟ್ಟ. ಹೊಳೆಯ ಆ ಕಡೆ ಕೆಲವು ಹುಡುಗರು ಅಪ್ಪನ ಮಾತಿನ ಧಾಟಿ ಕೇಳಿ "ಕಾನಡೀ ಆಹೇ ಕಾ?" ಅಂದರಂತೆ. ಈ ಕಡೆ ಕೊಗನೊಳಿ ನಾಕಾದಲ್ಲಿ ಒಬ್ಬ ಟ್ರಂಕಿನ ಮೇಲಿನ ಮರಾಠಾ ಅನ್ನುವ ಅಕ್ಷರ ಓದಿ "ಯಾವೂರಾಂವಲೇ ನೀ?" ಅಂದನಂತೆ. ಟ್ರಂಕು ಒಂದೇ, ಹೊತ್ತವನೂ ಒಬ್ಬನೇ. ಮನೆಗೆ ಬಂದು ಕಾಲು ತೊಳೆಯುತ್ತಾ ಅಪ್ಪ ಹೇಳಿದ ಮಾತು ನನಗೆ ಇನ್ನೂ ನೆನಪಿದೆ. "ಕಾಶ್ಮೀರದಾಗ ಗಡಿ ಕಾಯೂದು ಸಲೀಸು. ಯಾವ ಕಡೆ ಮಾರಿ ಮಾಡಿ ನಿಂದರಬೇಕಂತ ಗೊತ್ತಿರತೈತಿ."

ಆ ಟ್ರಂಕು ಈಗ ನನ್ನ ಮಂಚದ ಕೆಳಗಿದೆ. ಅಜ್ಜನ ಹೆಸರಿನ ಮೇಲೆ ಅಪ್ಪನ ಹೆಸರು, ಅದರ ಮೇಲೆ ತಮ್ಮನ ಹೆಸರು ಬಿಳಿ ಬಣ್ಣದಲ್ಲಿ. ಬಣ್ಣ ಸುಲಿದಲ್ಲಿ ಮೂವರ ನಂಬರೂ ಒಂದರೊಳಗೊಂದು ಕಾಣುತ್ತವೆ. ಒಳಗೆ ಬರೀ ಕಾಗದ. ನನ್ನ ಅರ್ಧ ಆಯುಷ್ಯ ಅದರಲ್ಲಿ ಹೋಗಿದೆ.

ಬರೀ ವಿಳಾಸ ನೋಡು. ಅಜ್ಜನ ಡಿಸ್ಚಾರ್ಜ್ ಬುಕ್ಕಿನಲ್ಲಿ ತಾಲ್ಲೂಕು ಸಂಪಗಾಂವ, ಜಿಲ್ಲೆ ಬೆಳಗಾಂ, ಪ್ರಾಂತ ಮುಂಬೈ. ಅಪ್ಪ ಭರ್ತಿ ಆದಾಗ ತಾಲ್ಲೂಕು ಬೈಲಹೊಂಗಲ, ರಾಜ್ಯ ಮೈಸೂರು. ಹೌದು, ನಿನ್ನ ಮೈಸೂರೇ. 1973ಕ್ಕೆ ಮೊದಲು ನಾವೂ ಮೈಸೂರಿನವರೇ, ನೆನಪಿಟ್ಟುಕೋ. ತಮ್ಮನ ಕಾಗದದಲ್ಲಿ ಬೈಲಹೊಂಗಲ, ಬೆಳಗಾಂ, ಕರ್ನಾಟಕ. ತಮ್ಮನ ಮಗನದರಲ್ಲಿ ಕಿತ್ತೂರು, ಬೆಳಗಾವಿ, ಕರ್ನಾಟಕ. ನಾಲ್ಕು ತಲೆಮಾರು ಒಂದೇ ಮನೆಯಲ್ಲಿ, ಒಂದೇ ಬೇವಿನ ಮರದ ಕೆಳಗೆ. ಮನೆ ಒಂದು ಗೇಣೂ ಸರಿದಿಲ್ಲ. ಆದರೂ ಕೌಂಟರಿನಲ್ಲಿ ಕೂತವರು "ನೀವು ಯಾವಾಗ ಶಿಫ್ಟ್ ಆದ್ರಿ?" ಅಂತ ಕೇಳುತ್ತಾರೆ. ಏನು ಹೇಳಲಿ? ರಾಜ್ಯವೇ ಶಿಫ್ಟ್ ಆಯ್ತು ಸಾರ್ ಅಂತ ಹೇಳಲಾ?

ಇದಾದರೂ ನಡೆಯುತ್ತದೆ. ನಡೆಯದಿರುವುದು ಅವ್ವನ ಹೆಸರು.

ಅವ್ವನ ಹೆಸರು ಗಂಗವ್ವ ಅಂತ ಇಟ್ಟುಕೋ. ಅಸಲಿ ಹೆಸರು ಇಲ್ಲಿ ಬೇಡ, ಈಗಾಗಲೇ ಇರುವ ಗೊಂದಲ ಸಾಕು. ಮದುವೆಯಾದ ಮೇಲೆ ಅಪ್ಪನ ಕಾಗದದಲ್ಲಿ ಹೆಂಡತಿಯ ಹೆಸರು ಸೇರಿಸಬೇಕಿತ್ತು. ಅದನ್ನು ಬರೆದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. 'ಅವ್ವ' ಅನ್ನುವುದು ಅವನಿಗೆ ಹೆಸರಿನ ಭಾಗ ಅನ್ನಿಸಲಿಲ್ಲ. ತನಗೆ ಗೊತ್ತಿದ್ದ ಹಾಗೆ ಚೆಂದ ಮಾಡಿ ಗಂಗಾಬಾಯಿ ಅಂತ ಬರೆದ. ಅಪ್ಪ ಸಹಿ ಹಾಕಿದ. ರಜೆಗೆ ಬಂದಾಗ ಅವ್ವನಿಗೆ ಹೇಳುವುದನ್ನೇ ಮರೆತ.

ಅಪ್ಪ ತೀರಿಕೊಂಡದ್ದು 2011ರಲ್ಲಿ. ಪೆನ್ಶನ್ ಅವ್ವನ ಹೆಸರಿಗೆ ಬಂತು, ಅಂದರೆ ಗಂಗಾಬಾಯಿಯ ಹೆಸರಿಗೆ. ಆಗ ಬ್ಯಾಂಕಿನವರಿಗೆ ಅವ್ವನ ಮುಖ ಗೊತ್ತಿತ್ತು, "ಬರ್ರಿ ಅವ್ವಾರ" ಅಂತ ಕೂರಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ಆಧಾರ್ ಬಂದ ಮೇಲೆ ಶುರುವಾಯಿತು. ಆಧಾರ್‌ನಲ್ಲಿ ಗಂಗವ್ವ, ಇಂಗ್ಲಿಷಿನಲ್ಲಿ ಎರಡು ಡಬ್ಲ್ಯು. ರೇಷನ್ ಕಾರ್ಡಿನಲ್ಲಿ ಒಂದು ವಿ. ಪೆನ್ಶನ್ ಕಾಗದದಲ್ಲಿ ಬಾಯಿ. ಪ್ರತಿ ನವೆಂಬರಿನಲ್ಲಿ ತಾನು ಬದುಕಿದ್ದೇನೆ ಅಂತ ಲೈಫ್ ಸರ್ಟಿಫಿಕೇಟ್ ಕೊಡಬೇಕಲ್ಲ, ಅವ್ವ ಕೊಡುತ್ತಾಳೆ. ಗಂಗವ್ವ ಬದುಕಿದ್ದಾಳೆ ಅಂತ ಕಂಪ್ಯೂಟರ್ ಒಪ್ಪುತ್ತದೆ. ಗಂಗಾಬಾಯಿ ಎಲ್ಲಿ ಅಂತ ಕೇಳುತ್ತದೆ. ಅದೂ ಬೆರಳಚ್ಚು ಹತ್ತಿದರೆ. ಅರವತ್ತು ವರ್ಷ ಕಳೆ ಕಿತ್ತ ಬೆರಳು, ಗೆರೆಯೆಲ್ಲ ಹೊಲದಲ್ಲೇ ಸವೆದಿದೆ.

ಮೊದಲ ಸಲ ಪೆನ್ಶನ್ ನಿಂತಾಗ ನಾನು ವಿಷಯ ಬಿಡಿಸಿ ಹೇಳಿದೆ. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಯಾರಾಕಿ ಗಂಗಾಬಾಯಿ? ನಿಮ್ಮಪ್ಪಾರು ಎಲ್ಲೆರೆ ಇನ್ನೊಂದು ಮನಿ ಮಾಡಿದ್ರೇನು?"

ನಾನು ನಕ್ಕೆ. ಅವಳು ನಗಲಿಲ್ಲ. ಎರಡು ದಿನ ಅಪ್ಪನ ಫೋಟೊಕ್ಕೆ ಹೂ ಏರಿಸಲಿಲ್ಲ.

ಅಲ್ಲಿಂದ ಅಫಿಡವಿಟ್ ಯಾತ್ರೆ. ಬಾಂಡ್ ಪೇಪರ್, ನೋಟರಿ, ಸಾಕ್ಷಿಗೆ ಇಬ್ಬರು. "ಗಂಗವ್ವ ಮತ್ತು ಗಂಗಾಬಾಯಿ ಇಬ್ಬರೂ ಒಬ್ಬರೇ" ಅಂತ ವಕೀಲರು ಓದಿ ಹೇಳಿದಾಗ ಅವ್ವ ತಡೆದಳು. "ಇಬ್ಬರೂ ಅಂದಮ್ಯಾಲೆ ಒಬ್ಬರ ಹೆಂಗ ಆಗ್ತಾರ್ರೀ?" ವಕೀಲರ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಪೇಪರಿನಲ್ಲಿ ಜಾಹೀರಾತು, ಒಂದು ಇಂಗ್ಲಿಷಿನಲ್ಲಿ, ಒಂದು ಕನ್ನಡದಲ್ಲಿ. ಅಪ್ಪ ಸತ್ತಾಗಲೂ ಪೇಪರಿನಲ್ಲಿ ಹೆಸರು ಬಂದಿರಲಿಲ್ಲ, ಅವ್ವನದು ಬಂತು. ಅರ್ಜಿ ಹೋಯಿತು. ಕನ್ನಡದ ಕಾಗದ ನಡೆಯಲ್ಲ, ಭಾಷಾಂತರ ಬೇಕು ಅಂತ ವಾಪಸ್ ಬಂತು. ಭಾಷಾಂತರ ಮಾಡಿಸಿದೆ. ಅದರಲ್ಲಿ ಊರಿನ ಸ್ಪೆಲ್ಲಿಂಗ್ ತಪ್ಪಿತ್ತು, ಮತ್ತೆ ವಾಪಸ್.

ಯಾವ ಕಚೇರಿ ಅಂತ ಬರೆಯಲ್ಲ. ಎಲ್ಲ ಕಡೆ ಒಳ್ಳೆಯ ಮಾತೇ ಆಡಿದರು. ಒಂದು ಕೌಂಟರಿನಲ್ಲಿ ಹಿಂದಿಯವನು "ಆಪ್ ಮರಾಠಾ ಹೈಂ ನಾ, ತೋ ಬಾಯಿ ಹೀ ಸಹೀ ಹೋಗಾ" ಅಂದ. ಇನ್ನೊಂದು ಕಡೆ ನಮ್ಮವನೇ, ಬೆಂಗಳೂರಿನವನು, ಕಾಗದ ನೋಡಿ "ನೀವು ಮೂಲದಲ್ಲಿ ಮಹಾರಾಷ್ಟ್ರದವರಾ?" ಅಂದ. ನಿನ್ನ ಪ್ರಶ್ನೆ ಕೇಳಿದಾಗ ನನಗೆ ಹೋಳಿಗೆ ರುಚಿ ಕೆಟ್ಟಿದ್ದು ಇದಕ್ಕೇ ಮಾರಾಯಾ. ನೀನು ತಮಾಷೆಗೆ ಕೇಳಿದೆ. ಅವರು ಸೀಲು ಕೈಯಲ್ಲಿ ಹಿಡಿದು ಕೇಳುತ್ತಾರೆ.

ತಮ್ಮನ ಮಗನ ವಿಷಯ ಹೇಳುತ್ತೇನೆ ಅಂದಿದ್ದೆ. ಅಗ್ನಿವೀರರನ್ನು ಭರ್ತಿ ಮಾಡುವ ಅಗ್ನಿಪಥ ಯೋಜನೆ ಬಂದದ್ದು 2022ರಲ್ಲಿ. ನಾಲ್ಕು ವರ್ಷ, ಆಮೇಲೆ ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಜನ ಉಳಿಯುತ್ತಾರೆ, ಉಳಿದವರು ಇಡಿಗಂಟು ತಗೊಂಡು ಮನೆಗೆ. ಪೆನ್ಶನ್ ಇಲ್ಲ. ತಮ್ಮ ಒಂದು ವಾರ ಊಟ ಬಿಟ್ಟು ಸಿಟ್ಟು ಮಾಡಿದ. ಹುಡುಗ ಕೇಳಲಿಲ್ಲ, ಓಡಿದ, ಪಾಸಾದ, ಹೋದ. ಪೆನ್ಶನ್ನೇ ಇಲ್ಲದ ಮೇಲೆ ಮುಂದೆ ಅವನ ಹೆಂಡತಿಯ ಹೆಸರು ಏನಿದ್ದರೂ ಯಾರೂ ಕೇಳಲ್ಲ ಅಂತ ನಾನು ಸಮಾಧಾನ ಹೇಳಿದೆ. ತಮ್ಮ ನನ್ನನ್ನು ಹೊಡೆಯುವ ಹಾಗೆ ನೋಡಿದ. ಸೇರುವ ಮೊದಲು ಫಾರ್ಮ್ ತುಂಬುವಾಗ ಹುಡುಗ ಮಾತ್ರ ಫೋನ್ ಮಾಡಿ "ದೊಡ್ಡಪ್ಪ, ನಮ್ಮವ್ವನ ಹೆಸರು ಒಂದೊಂದ ಅಕ್ಷರ ಹೇಳ್ರಿ" ಅಂದ. ಎರಡು ಸಲ ಹೇಳಿದೆ. ಮೂರನೇ ಸಲ ವಾಟ್ಸಾಪಿನಲ್ಲಿ ಆಧಾರ್ ಫೋಟೊ ಕಳಿಸಿದೆ.

ಅವ್ವನ ತಿದ್ದುಪಡಿ ಕೊನೆಗೂ ಬಂತು. ಲಕೋಟೆ ಒಡೆದು ನೋಡಿದರೆ ಹೊಸ ಹೆಸರು: ಗಂಗವ್ವಬಾಯಿ. ಇಬ್ಬರನ್ನೂ ಸೇರಿಸಿ ಒಬ್ಬಳನ್ನು ಮಾಡಿದ್ದರು. ಮತ್ತೆ ಅರ್ಜಿ ಹಾಕಿದ್ದೇನೆ. ಅಲ್ಲಿಯ ತನಕ ಹಳೆ ಹೆಸರಿಗೇ ದುಡ್ಡು ಬಿಡುತ್ತೇವೆ ಅಂದಿದ್ದಾರೆ, ಬಿಡುತ್ತಲೂ ಇದ್ದಾರೆ, ಅಷ್ಟು ಪುಣ್ಯ.

ತಿಂಗಳ ಕೊನೆಗೆ ನನ್ನ ಮೊಬೈಲಿಗೆ ಮೆಸೇಜ್ ಬರುತ್ತದೆ. ಟಣ್ ಅಂದ ಕೂಡಲೇ ಅಡುಗೆಮನೆಯಿಂದ ಅವ್ವ ಕೂಗುತ್ತಾಳೆ. "ಬಂತೇನೋ ನನ್ನ ಸವತಿ ರೊಕ್ಕಾ?" ಬಂತು ಅಂದರೆ ಅದರಲ್ಲಿ ನೂರು ರೂಪಾಯಿ ತೆಗೆದಿಡು ಅನ್ನುತ್ತಾಳೆ, ಅಪ್ಪನ ಫೋಟೊದ ಹೂವಿಗೆ. ಅಂದು ನೀನು ನೋಡಿದ ಸೇವಂತಿಗೆ ಮಾಲೆ ಅದೇ ದುಡ್ಡಿನದು.