ನಮ್ಮ ಬಗ್ಗೆ ನಮಗಿರುವ ಅಭಿಪ್ರಾಯ ಸಂಗಾತಿಯ ಆಯ್ಕೆಯ ಮೇಲೆ ಪರಿಣಾಮ ಬೀರುತ್ತದೆಯೇ?

ಖಂಡಿತ ಬೀರುತ್ತದೆ, ಆದರೆ ನಾವು ಎಣಿಸಿದಂತಲ್ಲ. ತನ್ನನ್ನು ತಾನು ಕೀಳೆಂದುಕೊಂಡವರು ಹೊಗಳುವವರತ್ತ ವಾಲಬೇಕಲ್ಲವೇ? ಎಷ್ಟೋ ಸಲ ಆಗುವುದೇ ಬೇರೆ.

ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವ ಗೆಳತಿಯೊಬ್ಬಳು ನನಗಿದ್ದಾಳೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವಾಗ ಹುಡುಗನೊಬ್ಬ, 'ನೀವು ಮಾತನಾಡುತ್ತಿದ್ದರೆ ಕೇಳುತ್ತಲೇ ಇರಬೇಕು ಅನ್ನಿಸುತ್ತದೆ' ಎಂದನಂತೆ. ಅವಳಿಗೆ ಇಡ್ಲಿ ಗಂಟಲಲ್ಲಿ ಇಳಿಯಲಿಲ್ಲ. ಇವನಿಗೆ ಏನೋ ಬೇಕಾಗಿದೆ ಎಂಬ ಗುಮಾನಿ! ಮಾತುಮಾತಿಗೂ ತಪ್ಪು ಹುಡುಕುತ್ತಿದ್ದ ಇನ್ನೊಬ್ಬನೇ ತನ್ನನ್ನು ಸರಿಯಾಗಿ ಬಲ್ಲವನು ಅನ್ನಿಸಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಸ್ವಾನ್ ಇದನ್ನು ಸ್ವ-ದೃಢೀಕರಣ ಎನ್ನುತ್ತಾರೆ: ನಾವು ನಂಬಿರುವ ನಮ್ಮ ಚಿತ್ರ ನಿಜವೆಂದು ಇನ್ನೊಬ್ಬರಿಂದ ಕೇಳುವ ಹಂಬಲ. ಚಿತ್ರ ಕೆಟ್ಟದಾಗಿದ್ದರೂ ಸರಿ, ಬದಲಾದರೆ ಕಾಲಕೆಳಗಿನ ನೆಲ ಅಲುಗುತ್ತದೆ. ಅವರ ತಂಡದ 1992ರ ಅಧ್ಯಯನದಲ್ಲಿ, ತಮ್ಮ ಬಗ್ಗೆ ಹೀನ ಭಾವನೆಯಿದ್ದ ವಿವಾಹಿತರು ಮೆಚ್ಚುವ ಸಂಗಾತಿಗಿಂತ ಹೀಗಳೆಯುವ ಸಂಗಾತಿಗೇ ಹೆಚ್ಚು ಬದ್ಧರಾಗಿದ್ದರು. ಅದೇ ತಂಡದ 1994ರ ಇನ್ನೊಂದು ಅಧ್ಯಯನದಲ್ಲಿ, ಇನ್ನೂ ಮದುವೆಯಾಗದ ಪ್ರೇಮಿಗಳಿಗೆ ಮಾತ್ರ ಹೊಗಳುವವರೇ ಹತ್ತಿರವಾಗಿದ್ದರು.

ನನ್ನ ಗೆಳತಿ ಆ ಲೆಕ್ಕಕ್ಕೂ ಸಿಗಲಿಲ್ಲ. ತಪ್ಪು ಹುಡುಕುವವನನ್ನೇ ಒಪ್ಪಿಕೊಂಡಳು.