ನೆಲ ತಗ್ಗುವಿಕೆಯ ಸಂಶೋಧನೆಗೆ ಉಪಗ್ರಹದ ದತ್ತಾಂಶ ಸಾಕೇ, ಮಣ್ಣಿನ ಪರೀಕ್ಷೆಗೂ ಒಂದು ವರ್ಷ ಕಳೆಯಬೇಕೇ?

ಸಂಶೋಧನೆಗೆ ಸೇರಿದ ಮೊದಲ ವರ್ಷ ನಾನೂ ಇದನ್ನೇ ಕೇಳಿಕೊಂಡು, ಉಪಗ್ರಹವೇ ಸಾಕು ಎಂದು ತೀರ್ಮಾನಿಸಿಬಿಟ್ಟಿದ್ದೆ. ಯುರೋಪಿನ ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರಗಳು ಉಚಿತವಾಗಿ ಸಿಗುತ್ತಿದ್ದವು. ಕುರ್ಚಿಯಿಂದ ಏಳದೆಯೇ ಇಡೀ ನಗರದ ನೆಲ ವರ್ಷಕ್ಕೆ ಎಷ್ಟು ಮಿಲಿಮೀಟರ್ ಇಳಿಯುತ್ತಿದೆ ಎಂದು ಹೇಳಬಹುದಾಗಿರುವಾಗ, ಜೇಡಿಮಣ್ಣಿನ ಮಾದರಿ ತುಂಬಿದ ಕೊಳವೆಗಳನ್ನು ಹೊತ್ತು ಪ್ರಯೋಗಾಲಯಕ್ಕೆ ಓಡಾಡುವ ಸಹಪಾಠಿಗಳನ್ನು ಕಂಡು ಒಳಗೊಳಗೇ ನಗುತ್ತಿದ್ದೆ.

ರೇಡಾರ್ ಲೆಕ್ಕದಲ್ಲಿ ಒಂದು ಬಿಂದುವನ್ನು ಅಲುಗದ್ದೆಂದು ನಾವೇ ಆರಿಸಿ, ಉಳಿದುದನ್ನೆಲ್ಲ ಅದಕ್ಕೆ ಹೋಲಿಸಿ ಅಳೆಯುತ್ತೇವೆ. ನಾನು ಆರಿಸಿದ್ದು ಆಳವಾದ ಪೈಲ್‌ಗಳ (ನೆಲದೊಳಕ್ಕೆ ಇಳಿಸಿದ ಅಡಿಪಾಯದ ಕಂಬಗಳ) ಮೇಲೆ ನಿಂತ ಒಂದು ದೊಡ್ಡ ಕಟ್ಟಡವನ್ನು, ಏಕೆಂದರೆ ವರ್ಷವಿಡೀ ಅದರ ಸಂಕೇತ ಸ್ಪಷ್ಟವಾಗಿರುತ್ತಿತ್ತು. ಸಂಕೇತ ಸ್ಥಿರವಾಗಿದೆ ಎಂಬುದನ್ನೇ ಬುಡ ಸ್ಥಿರವಾಗಿದೆ ಎಂದು ಓದಿಕೊಂಡೆ. ಆ ಪೈಲ್‌ಗಳು ಮೇಲಿನ ಮೆದು ಜೇಡಿಯನ್ನು ದಾಟಿ ಒಂದು ಮರಳಿನ ಪದರದಲ್ಲಿ ನಿಂತಿದ್ದವು ನಿಜ. ಆದರೆ ಮರಳಿನ ಕೆಳಗೆ ಇನ್ನೊಂದು ದಪ್ಪನೆಯ ಜೇಡಿಯ ಪದರವಿತ್ತು, ಅದರ ಕೆಳಗಿನಿಂದ ಕೊಳವೆಬಾವಿಗಳು ವರ್ಷಗಟ್ಟಲೆ ನೀರೆತ್ತುತ್ತಿದ್ದವು. ಆ ಜೇಡಿ ಕುಗ್ಗುತ್ತಿದ್ದಂತೆ ಮರಳು, ಪೈಲ್, ಕಟ್ಟಡ ಎಲ್ಲವೂ ಒಟ್ಟಿಗೆ ಇಳಿಯುತ್ತಿದ್ದವು. ನನ್ನ ಸೊನ್ನೆಯೇ ವರ್ಷಕ್ಕೆ ಸುಮಾರು 6 ಮಿಲಿಮೀಟರ್ ಕೆಳಗೆ ಹೋಗುತ್ತಿದ್ದುದರಿಂದ, 10 ಮಿಲಿಮೀಟರ್ ತಗ್ಗುತ್ತಿದ್ದ ಬಡಾವಣೆ ನನ್ನ ನಕ್ಷೆಯಲ್ಲಿ 4 ಎಂದು ಕಂಡಿತು. ಊರಂಚಿನ ಒಂದು ಜಾಗವಂತೂ 6 ಮಿಲಿಮೀಟರ್ ಮೇಲೇಳುತ್ತಿರುವಂತೆ ಕಂಡಿತು.

ಇಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ನಾನು ಆ ಏರಿಕೆಗೆ ಒಂದು ಇಡೀ ಅಧ್ಯಾಯ ಬರೆದೆ: ಅಂತರ್ಜಲ ಮರುಪೂರಣವಾಗಿದೆ, ಒತ್ತಡ ಮರಳಿದ್ದರಿಂದ ಪದರಗಳು ಹಿಗ್ಗಿವೆ ಎಂದು. ಅಂಥ ಹಿಗ್ಗುವಿಕೆ ನಿಜವಾಗಿಯೂ ಇರುವುದರಿಂದ ವಾದ ಚೆನ್ನಾಗಿಯೇ ಕೂತಿತು. ಕರಡನ್ನು ಓದಿದ ಮಾರ್ಗದರ್ಶಕರು, "ಅಲ್ಲಿರುವುದು ಬರೀ ಬಂಡೆಯಲ್ಲವೇನಪ್ಪಾ? ಹಿಗ್ಗುವುದಕ್ಕೆ ಏನಿದೆ?" ಎಂದರು. ಭೂವೈಜ್ಞಾನಿಕ ನಕ್ಷೆಯನ್ನು ನಾನು ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ.

ಬಂಡೆ ಏಳದಿದ್ದರೆ ಇಳಿಯುತ್ತಿರುವುದು ನನ್ನ ಸೊನ್ನೆಯೇ ಇರಬೇಕು ಎಂದು ಮರುದಿನ ನಾನು ಆರಿಸಿದ್ದ ಆ ಕಟ್ಟಡದ ಬಳಿಗೆ ಹೋದೆ. ಕಟ್ಟಡದ ಮೆಟ್ಟಿಲಿಗೂ ಅದರ ಮುಂದಿನ ನೆಲಕ್ಕೂ ನಡುವೆ ಒಂದು ಬೆರಳು ಹಿಡಿಸುವಷ್ಟು ಸಂದು ಬಿದ್ದಿತ್ತು. ಹಿಂಬದಿಯಲ್ಲಿ, ಹೆಚ್ಚುಕಡಿಮೆ ಅದೇ ಕಾಲದ ಕೊಳವೆಬಾವಿಯೊಂದರ ಕೇಸಿಂಗ್ ಪೈಪು ತನ್ನ ಸಿಮೆಂಟ್ ಕಟ್ಟೆಯನ್ನೂ ಹೊತ್ತುಕೊಂಡು ನೆಲದಿಂದ ಮೇಲೆದ್ದು ನಿಂತಿತ್ತು. ಆ ಕಟ್ಟೆಯಡಿ ನಾಲ್ಕು ಬೆರಳುಗಳನ್ನು ಒಂದರ ಮೇಲೊಂದಿಟ್ಟು ತೂರಿಸಬಹುದಿತ್ತು. ಮೇಲೆದ್ದದ್ದು ಪೈಪಲ್ಲ, ಸುತ್ತಲಿನ ನೆಲ ಇಳಿದಿತ್ತು. ಪೈಪಿನ ಬುಡ ಎರಡೂ ಜೇಡಿಗಳ ಕೆಳಗೆ, ಪೈಲ್‌ನ ಬುಡ ಎರಡರ ನಡುವೆ. ಎಂದರೆ ಪೈಪಿನ ಬಳಿಯ ನಾಲ್ಕು ಬೆರಳು ಎರಡೂ ಜೇಡಿಗಳು ಕುಗ್ಗಿದ್ದು, ಮೆಟ್ಟಿಲ ಬಳಿಯ ಒಂದು ಬೆರಳು ಮೇಲಿನ ಜೇಡಿ ಮಾತ್ರ ಕುಗ್ಗಿದ್ದು. ನಾಲ್ಕರಲ್ಲಿ ಒಂದನ್ನು ಕಳೆದರೆ ಉಳಿಯುವ ಮೂರು ಬೆರಳು ನನ್ನ 'ಅಲುಗದ' ಕಟ್ಟಡ ಇಳಿದ ಲೆಕ್ಕ. ಅಧ್ಯಾಯವನ್ನು ಕಿತ್ತುಹಾಕಿ ಎಲ್ಲವನ್ನೂ ಮತ್ತೆ ಲೆಕ್ಕಹಾಕುವುದಕ್ಕೆ ಒಂದೂವರೆ ವರ್ಷ ಹಿಡಿಯಿತು.

ಆದ್ದರಿಂದ ಇದೋ ಅದೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎಷ್ಟು ಇಳಿಯಿತು ಎಂಬುದನ್ನು ಉಪಗ್ರಹ ಹೇಳೀತು. ಯಾವ ಪದರ ಕುಗ್ಗಿತು, ಇನ್ನೆಷ್ಟು ಕಾಲ ಕುಗ್ಗುತ್ತದೆ ಎಂಬುದನ್ನು ಮಣ್ಣೇ ಹೇಳಬೇಕು. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯಲ್ಲಿ 1925ರಿಂದ 1977ರೊಳಗೆ ನೆಲ ಸುಮಾರು 9 ಮೀಟರ್ ತಗ್ಗಿದ್ದನ್ನು ಕಂಬದ ಮೇಲೆ ಗುರುತಿಸಿ ತೋರಿಸಿದ, ಅಮೆರಿಕದ ಭೂವಿಜ್ಞಾನಿ ಜೋಸೆಫ್ ಪೋಲಂಡ್ ಅವರ ಚಿತ್ರವನ್ನು ನೀವು ನೋಡಿರಬಹುದು. ಅಲ್ಲಿ ಪದರಗಳ ಕುಗ್ಗುವಿಕೆಯನ್ನು ಅಳೆದದ್ದು ಆಳದಲ್ಲಿ ನೆಲೆಯೂರಿಸಿದ ಉಪಕರಣಗಳಿಂದ.

ಮಣ್ಣಿನ ಯಂತ್ರಶಾಸ್ತ್ರಕ್ಕೆ ಬುನಾದಿ ಹಾಕಿದ ಕಾರ್ಲ್ ಟರ್ಜಾಘಿ 1925ರಲ್ಲಿ ವಿವರಿಸಿದಂತೆ, ಕಣಗಳ ನಡುವಿನ ನೀರಿನ ಒತ್ತಡ ಇಳಿದಷ್ಟೂ ಭಾರ ಕಣಗಳ ಮೇಲೆ ಬೀಳುತ್ತದೆ, ಮತ್ತು ಜೇಡಿಯಿಂದ ನೀರು ಹೊರಬರಲು ಬೇಕಾಗುವ ಕಾಲ ಅದು ಕ್ರಮಿಸಬೇಕಾದ ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 2 ಸೆಂಟಿಮೀಟರ್ ದಪ್ಪದ ಬಿಲ್ಲೆ ಪ್ರಯೋಗಾಲಯದಲ್ಲಿ ಅರ್ಧ ಗಂಟೆಯಲ್ಲಿ ಕುಗ್ಗಿದರೆ, ಅದೇ ಜೇಡಿಯ 10 ಮೀಟರ್ ದಪ್ಪದ ಪದರಕ್ಕೆ 2,50,000 ಪಟ್ಟು ಕಾಲ, ಎಂದರೆ 14 ವರ್ಷ ಬೇಕು. ನೀರೆತ್ತುವುದನ್ನು ಇಂದು ನಿಲ್ಲಿಸಿದರೂ ನಾಳೆ ನೆಲ ನಿಲ್ಲದಿರುವುದು ಇದಕ್ಕಾಗಿಯೇ.

ಒಂದು ವರ್ಷವೇನೂ ಬೇಡ, ಮೂರು ತಿಂಗಳು ಸಾಕು. ಮೊದಲು ಯಾವ ಆಳದಲ್ಲಿ ಯಾವ ಪದರವಿದೆ ಎಂದು ಹೇಳುವ ನಿಮ್ಮ ಪ್ರದೇಶದ ಬೋರ್ ದಾಖಲೆಗಳನ್ನು ಸಂಗ್ರಹಿಸಿ, ಒಂದೇ ಒಂದು ಕನ್ಸಾಲಿಡೇಶನ್ ಪರೀಕ್ಷೆಯನ್ನು (ಜೇಡಿಯ ಬಿಲ್ಲೆಯ ಮೇಲೆ ಭಾರ ಹೇರಿ ಅದು ಎಷ್ಟು, ಎಷ್ಟು ಬೇಗ ಕುಗ್ಗುತ್ತದೆ ಎಂದು ಅಳೆಯುವುದು) ಮಾದರಿ ಕತ್ತರಿಸುವುದರಿಂದ ಹಿಡಿದು ನೀವೇ ಮಾಡಿ, ಬಂಡೆಯ ಮೇಲೊಂದು ಆಧಾರಬಿಂದುವನ್ನು ಕಾಲಿಟ್ಟು ನೋಡಿ ಬನ್ನಿ. ಸಾಫ್ಟ್‌ವೇರ್ ಅನ್ನು ಆಮೇಲೆ ತೆರೆಯಿರಿ.