ಜಪಾನಿನಲ್ಲಿ ಇಳಿದುಕೊಳ್ಳಲು ಹೋಟೆಲೋ, ಹಳೆಯ ಮನೆಯೋ?

ಅಪ್ಪ ಅಮ್ಮನನ್ನು ಜಪಾನಿಗೆ ಕರೆದೊಯ್ಯುವಾಗ ಹೋಟೆಲಿನಲ್ಲಿ ಇಳಿಯುವುದೋ, ಹಳೆಯ ಮನೆಯಲ್ಲೋ ಎಂದು ಕೇಳಿದ್ದೀರಿ; "ಜಪಾನಿಯರೂ ನಮ್ಮಂತೆ ಚಪ್ಪಲಿ ಬಿಟ್ಟು ಒಳಗೆ ಹೋಗುವವರು, ಅಪ್ಪ ಅಮ್ಮನಿಗೆ ಕಷ್ಟವಾಗಲಾರದು" ಎಂದೂ ಬರೆದಿದ್ದೀರಿ. 2018ರಲ್ಲಿ ನಾನೂ ಇದೇ ಧೈರ್ಯದಲ್ಲಿ ಕ್ಯೋಟೊಗೆ ಹೋದವನು.

ನಾವು ಇಳಿದುಕೊಂಡದ್ದು ಅಜ್ಜಿಯೊಬ್ಬರು ನಡೆಸುವ ಮರದ ಮನೆಯಲ್ಲಿ. ಬಾಗಿಲ ಒಳಗೆ ಮೆಟ್ಟಿಲಷ್ಟು ತಗ್ಗಿನ ಜಾಗ, ಗೆಂಕಾನ್. ಶೂ ಅಲ್ಲಿ ಬಿಟ್ಟು ಮೇಲೆ ಹತ್ತಬೇಕು. ದಿನವಿಡೀ ಸುತ್ತಿ ಬಂದ ಕಾಲು. ತೊಳೆಯದೆ ಒಳಗೆ ಬಂದರೆ ಸುಮ್ಮನಿರದ ತಾಯಿಯ ಮಗ ನಾನು. ಶೌಚಾಲಯಕ್ಕೆ ಹೋದೆ. ಕಮೋಡಿನ ಟ್ಯಾಂಕಿನ ಮುಚ್ಚಳದ ಮೇಲೇ ಪುಟ್ಟ ನಲ್ಲಿ! ಫ್ಲಶ್ ಮಾಡಿದೊಡನೆ ನೀರು ಬರುತ್ತದೆ. ಕೈ ತೊಳೆದರೆ ಅದೇ ನೀರು ಟ್ಯಾಂಕಿಗೆ ಇಳಿಯುತ್ತದೆ. ಎಂಥ ಬುದ್ಧಿವಂತರು ಎಂದು ಮೆಚ್ಚುತ್ತಲೇ ಕಾಲುಚೀಲ ಕಳಚಿ, ಬಾಟಲಿ ತುಂಬಿಸಿ ಕಾಲಿಗೆ ಸುರಿದುಕೊಂಡೆ. ಒಂದಲ್ಲ, ಮೂರು ಬಾಟಲಿ.

ಆಮೇಲೆ ನೋಡುತ್ತೇನೆ, ನೀರು ಹೋಗಲು ಕಿಂಡಿಯೇ ಇಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಬಚ್ಚಲೆಂದರೆ ನೆಲ ಇಳಿಜಾರು, ಮೂಲೆಯಲ್ಲಿ ಕಿಂಡಿ. ಇದೆಯೇ ಎಂದು ಯಾರೂ ನೋಡುವುದಿಲ್ಲ, ಇದ್ದೇ ಇರುತ್ತದೆ. ಜಪಾನಿನ ಮನೆಗಳಲ್ಲಿ ಸ್ನಾನದ ಕೋಣೆ ಬೇರೆ, ಶೌಚದ ಕೋಣೆ ಬೇರೆ. ಸ್ನಾನದ ಕೋಣೆಯಲ್ಲಿ ಎಷ್ಟಾದರೂ ನೀರು ಚೆಲ್ಲಿ. ಟಬ್ಬಿಗೆ ಇಳಿಯುವ ಮುನ್ನ ಹೊರಗೇ ಕುಳಿತು ಮೈ ತೊಳೆಯುವುದೇ ಪದ್ಧತಿ. ಶೌಚದ ಕೋಣೆ ಮಾತ್ರ ಮಲಗುವ ಕೋಣೆಯಷ್ಟು ಒಣ. ಅದರೊಳಗೆ ಮೆಟ್ಟಲೆಂದೇ ಬೇರೆ ಚಪ್ಪಲಿ ಇಟ್ಟಿರುತ್ತಾರೆ. ಅಲ್ಲೂ ಇತ್ತು. ಒದ್ದೆಯಾದೀತೆಂದು ನಾನೇ ಅದನ್ನು ಪಕ್ಕಕ್ಕೆ ಸರಿಸಿದ್ದೆ! ಕಲ್ಲು ಎಂದುಕೊಂಡಿದ್ದ ನೆಲವೂ ಕಲ್ಲಾಗಿರಲಿಲ್ಲ, ಕಲ್ಲಿನ ಚಿತ್ತಾರದ ಪ್ಲಾಸ್ಟಿಕ್ ಹಾಸು.

ನೀರು ಬಾಗಿಲ ಸಂದಿಯಿಂದ ನುಸುಳಿ ಎದುರಿನ ಕೋಣೆಯ ತತಾಮಿಗೆ ಇಳಿಯಿತು. ತತಾಮಿಯೆಂದರೆ ಕೊಡವಿ ಬಿಸಿಲಿಗೆ ಹಾಕುವ ನಮ್ಮ ಚಾಪೆಯಲ್ಲ. ಮೇಲೆ ಜೊಂಡಿನ ಹೆಣಿಗೆ, ಒಳಗೆ ದಪ್ಪನೆಯ ತುಂಬು. ನೀರು ಕುಡಿದರೆ ಬೂಸ್ಟು ಹಿಡಿಯುತ್ತದೆ. ಅಜ್ಜಿ ಮಂಡಿಯೂರಿ ಒಣಬಟ್ಟೆಯಿಂದ ಒತ್ತುತ್ತಾ "ದೈಜೋಬು, ದೈಜೋಬು" ಎಂದರು. ಪರವಾಗಿಲ್ಲ ಎಂದರ್ಥ. ನಾನು ನಂಬಿಬಿಟ್ಟೆ. ಮರುದಿನ ಒಬ್ಬಾತ ಬಂದು ಎರಡು ತತಾಮಿ ಎತ್ತಿಕೊಂಡು ಹೋದ. ಹೊರಡುವ ದಿನ ನಾನೇ ಪಟ್ಟು ಹಿಡಿದು ಕೇಳಿದ ಮೇಲೆ ಅಜ್ಜಿ ಲೆಕ್ಕ ಬರೆದುಕೊಟ್ಟರು: 30,000 ಯೆನ್.

ಆದ್ದರಿಂದ ತಲೆ ಬಾಗುವುದು ಹೇಗೆ, ಊಟದ ಕಡ್ಡಿ ಹಿಡಿಯುವುದು ಹೇಗೆ ಎಂಬ ನಿಮ್ಮ ಚಿಂತೆಯನ್ನು ಬಿಡಿ. ಅದರಲ್ಲಿ ತಪ್ಪಿದರೆ ವಿದೇಶಿಯರೆಂದು ನಕ್ಕು ಬಿಡುತ್ತಾರೆ. ನಮ್ಮಂತೆಯೇ ಕಂಡದ್ದರ ಮೇಲೆ ಕಣ್ಣಿಡಿ. ತಾಯಿ ಸಸ್ಯಾಹಾರಿ ಎಂದಿದ್ದೀರಿ; ಮಿಸೊ ಸೂಪು ನಮ್ಮ ತಿಳಿಸಾರಿನಂತೆ ಕಾಣುತ್ತದೆ, ಆದರೆ ಅದರ ದಾಶಿಯನ್ನು, ಅಂದರೆ ಸೂಪಿಗೆ ಆಧಾರವಾದ ರಸವನ್ನು, ಸಾಮಾನ್ಯವಾಗಿ ಒಣಮೀನಿನಿಂದಲೇ ತೆಗೆದಿರುತ್ತಾರೆ.

ಹೋಟೆಲೋ ಮನೆಯೋ ಎಂದರೆ, ಹಳೆಯ ಮನೆಯೇ. ತಂದೆಗೆ ಮಂಡಿನೋವಿದ್ದರೆ ಮಾತ್ರ ಹೋಟೆಲ್, ಏಕೆಂದರೆ ಹಳೆಯ ಮನೆಗಳಲ್ಲಿ ಹಾಸಿಗೆ ನೆಲದ ಮೇಲೆ. ಕಾಲು ತೊಳೆಯಲೇಬೇಕೆಂದರೆ ಸ್ನಾನದ ಕೋಣೆಗೆ ಕರೆದೊಯ್ಯಿರಿ. ಸೂಟ್‌ಕೇಸಿನಲ್ಲಿ ಚೊಂಬು ಸೇರಿದೆಯೇ ಎಂದು ಹೊರಡುವ ಮುನ್ನ ಒಮ್ಮೆ ನೋಡಿ, ನಮ್ಮಮ್ಮ ಸೇರಿಸಿಯೇ ಬಿಟ್ಟಿದ್ದರು.